ರಸ್ತೆ ಬಂದ್ ಆದ ದಿನ ವೆಬ್‌ಸೈಟ್ ತಿದ್ದುವವರು ಯಾರು?

ಜುಲೈ ತಿಂಗಳ ಒಂದು ಶುಕ್ರವಾರ. ಮೂರು ದಿನದಿಂದ ಬಿಡದೆ ಮಳೆ. ಕೊಡಗಿನ ಸೋಮವಾರಪೇಟೆಯ ನನ್ನ ಡಿಟಿಪಿ ಅಂಗಡಿಯಲ್ಲಿ ಕರೆಂಟಿಲ್ಲ, ಯುಪಿಎಸ್ ಒಂದೇ ಸಮ ಕೂಗುತ್ತಿತ್ತು. ಮಾದಾಪುರದ ಕಡೆ ಹೋಂಸ್ಟೇ ನಡೆಸುವ ನಮ್ಮ ಮಾವ ಕೊಡೆ ಮಡಚುತ್ತಾ ಒಳಗೆ ಬಂದರು.

"ನಮ್ಮ ವೆಬ್‌ಸೈಟಿನಲ್ಲಿ ಒಂದು ಸಾಲು ಹಾಕಬೇಕಲ್ಲ ಮಾರಾಯ. ಮರ ಬಿದ್ದು ರಸ್ತೆ ಬಂದ್ ಆಗಿದೆ. ಬೆಂಗಳೂರಿನಿಂದ ಹತ್ತು ಜನ ಹೊರಡ್ತಾ ಇದ್ದಾರೆ."

"ಹಾಕೋಣ ಮಾವ. ಪಾಸ್‌ವರ್ಡ್ ಕೊಡಿ."

"ಅದು ನನ್ನ ಹತ್ತಿರ ಎಲ್ಲಿದೆ? ಮಾಡಿಕೊಟ್ಟವನ ಹತ್ತಿರ ಇದೆ."

ಮಾಡಿಕೊಟ್ಟವನು ಫೋನ್ ಎತ್ತಲಿಲ್ಲ. ಎತ್ತಿದ್ದು ಸೋಮವಾರ. ಒಂದು ಸಾಲು ಬದಲಾಯಿಸೋಕೆ ಐನೂರು ರೂಪಾಯಿ ಎಂದ. ಅಷ್ಟರಲ್ಲಿ ಮರ ಕಡಿದು ರಸ್ತೆ ಬಿಟ್ಟಾಗಿತ್ತು. ದೊಡ್ಡ ವಿಷಯ ಗೊತ್ತಾಗಿದ್ದು ಆಮೇಲೆ. ಡೊಮೈನ್, ಅಂದರೆ ಸೈಟಿನ ವಿಳಾಸದ ಹೆಸರು ಕೂಡ ಅವನ ಇಮೇಲ್‌ನಲ್ಲೇ ರಿಜಿಸ್ಟರ್ ಆಗಿತ್ತು. ಮನೆಯ ಹೆಸರು ಮಾವನದು, ದುಡ್ಡು ಮಾವನದು, ವಿಳಾಸದ ಮಾಲೀಕ ಮಾತ್ರ ಬೇರೆಯವನು.

ನನಗೆ ಕೋಡಿಂಗ್ ಬರುವುದಿಲ್ಲ. ಬರುವುದು ಟೈಪಿಂಗ್, ಮದುವೆ ಕಾಗದ, ಆರ್‌ಟಿಸಿ ಜೆರಾಕ್ಸ್. ಆದರೂ ಈ ಅಂಗಡಿಯಲ್ಲಿ ಕೂತು, ಬಂದವರೂ ನಾನೂ ಸೇರಿ, ಹತ್ತು ಹನ್ನೆರಡು ವೆಬ್‌ಸೈಟ್ ಮಾಡಿದ್ದೇವೆ. ಕೆಲವು ಚೆನ್ನಾಗಿ ನಡೆಯುತ್ತಿವೆ, ಕೆಲವು ಸತ್ತಿವೆ. "ಯಾವುದರಲ್ಲಿ ಮಾಡಲಿ?" ಎಂದು ಯಾರು ಕೇಳಿದರೂ ಈಗ ನಾನು ಬೆಲೆಯನ್ನಾಗಲಿ ಅಂದವನ್ನಾಗಲಿ ಮೊದಲು ಹೇಳುವುದಿಲ್ಲ. ವಾಪಸ್ ಕೇಳುತ್ತೇನೆ: ಟವರ್ ಒಂದೇ ಕಡ್ಡಿ ತೋರಿಸುವ ದಿನ, ನಿಮ್ಮ ಜಗಲಿಯಲ್ಲಿ ನಿಂತು, ನೀವೇ ಒಂದು ಸಾಲು ಬದಲಾಯಿಸೋಕೆ ಆಗುತ್ತಾ? ಕೆಳಗಿನ ಹೋಲಿಕೆಯೆಲ್ಲ ಆ ಪ್ರಶ್ನೆಯ ಸುತ್ತಲೇ ಇದೆ.

ವೆಬ್‌ಸೈಟ್ ಬೇಕೇ ಬೇಕಾ?

ಅರ್ಧ ಜನರಿಗೆ ಬೇಡ. ಇದನ್ನು ಹೇಳಿದರೆ ನನ್ನ ಕೈಗೆ ಬರುವ ದುಡ್ಡು ಹೋಗುತ್ತೆ, ಆದರೂ ನಿಜ.

ನಿಮ್ಮದು ಹೋಂಸ್ಟೇ, ವರ್ಕ್‌ಶಾಪ್, ಬೇಕರಿ, ನರ್ಸರಿ ಆಗಿದ್ದರೆ ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿ. ದುಡ್ಡಿಲ್ಲ. ಮ್ಯಾಪಿನಲ್ಲಿ ನಿಮ್ಮ ಹೆಸರು, ಫೋನ್, ಫೋಟೋ, ಸಮಯ, ಬಂದವರ ಅಭಿಪ್ರಾಯ ಎಲ್ಲ ಒಂದೇ ಕಡೆ ಸಿಗುತ್ತವೆ. ಫೋನಿನಿಂದಲೇ ತಿದ್ದಬಹುದು. "ತಾತ್ಕಾಲಿಕವಾಗಿ ಮುಚ್ಚಿದೆ" ಎಂದು ಹಾಕುವುದಕ್ಕೂ ಅಲ್ಲೇ ಜಾಗ ಇದೆ.

ನಮ್ಮ ಕಡೆ ಇದರಲ್ಲಿ ಒಂದೇ ತೊಂದರೆ, ಪಿನ್ನು, ಅಂದರೆ ಮ್ಯಾಪಿನಲ್ಲಿ ಜಾಗ ತೋರಿಸುವ ಗುರುತು. ತೋಟದ ಮನೆಗೆ ಡೋರ್ ನಂಬರ್ ಇರುವುದಿಲ್ಲ. ಅಂಚೆ ವಿಳಾಸ ಹಾಕಿದರೆ ಮ್ಯಾಪು ಅತಿಥಿಗಳನ್ನು ಅಂಚೆ ಕಚೇರಿಯ ಮುಂದೆ ನಿಲ್ಲಿಸುತ್ತದೆ, ಇಲ್ಲವೇ ಪಕ್ಕದವರ ಎಸ್ಟೇಟ್ ಗೇಟಿಗೆ ಕಳಿಸುತ್ತದೆ. ರಾತ್ರಿ ಎಂಟು ಗಂಟೆಗೆ ಆ ಗೇಟಿನಲ್ಲಿ ನಾಯಿ. ಅದಕ್ಕೆ ಪಿನ್ನನ್ನು ನೀವೇ ಬೆರಳಲ್ಲಿ ಎಳೆದು, ಸ್ಯಾಟಲೈಟ್ ಚಿತ್ರ ನೋಡಿ, ನಿಮ್ಮ ಗೇಟಿನ ಮೇಲೆ ಕೂರಿಸಿ. ಆ ಜಾಗದ ಪ್ಲಸ್ ಕೋಡ್, ಅಂದರೆ ವಿಳಾಸದ ಬದಲು ಬಳಸುವ ಸಣ್ಣ ಸಂಕೇತ, ಮ್ಯಾಪಿನಲ್ಲೇ ಸಿಗುತ್ತದೆ. ಅದನ್ನು ಬರೆದಿಟ್ಟುಕೊಂಡರೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಲು ಸುಲಭ.

ಮನೆಯಲ್ಲೇ ಜೇನು, ಕರಿಮೆಣಸು, ಕಾಚಂಪುಳಿ, ಉಪ್ಪಿನಕಾಯಿ ಮಾರುವವರಿಗೆ ವಾಟ್ಸ್ಆ್ಯಪ್ ಬಿಸಿನೆಸ್ ಸಾಕು. ಅದರಲ್ಲಿ ಕ್ಯಾಟಲಾಗ್ ಇದೆ, 500 ಐಟಂ ತನಕ ಹಾಕಬಹುದು. ಬೆಲೆ, ಫೋಟೋ, ತೂಕ ಬರೆದು ಲಿಂಕ್ ಕಳಿಸಿದರೆ ಆಯ್ತು.

ಹಾಗಾದರೆ ವೆಬ್‌ಸೈಟ್ ಯಾರಿಗೆ? ದಾರಿ, ನಿಯಮ, ಊಟದ ವಿವರ, ಬೆಲೆ ಇದನ್ನೆಲ್ಲ ದಿನಾ ಹತ್ತು ಸಲ ಫೋನಿನಲ್ಲಿ ಹೇಳಿ ಸಾಕಾದವರಿಗೆ. ಬುಕಿಂಗ್ ಆ್ಯಪ್‌ಗಳ ಕಮಿಷನ್ ಕೊಟ್ಟು ಬೇಸತ್ತವರಿಗೆ. ದೂರದವರು ಹುಡುಕಿದಾಗ ಸಿಗಬೇಕಾದ ಶಾಲೆ, ಸಂಘ, ದೇವಸ್ಥಾನ ಸಮಿತಿಗೆ. ಅದರ ಜೊತೆಗೆ ಬರೆಯುವ ಚಪಲ ಇರುವವರಿಗೆ.

ಗೂಗಲ್ ಸೈಟ್ಸ್: ಬರಿ ಕೈಯವರ ಮೊದಲ ಆಯ್ಕೆ

ನಾನು ಹೆಚ್ಚಾಗಿ ಇದನ್ನೇ ಹೇಳುತ್ತೇನೆ. ಜಿಮೇಲ್ ಇದ್ದರೆ ಸಾಕು, ಬೇರೆ ಖಾತೆ ಬೇಡ. ದುಡ್ಡಿಲ್ಲ, ಜಾಹೀರಾತೂ ಇಲ್ಲ. ಬಲಗಡೆ ಇರುವ ಚೌಕಗಳನ್ನು ಎಳೆದು ಎಡಗಡೆ ಬಿಡುವುದು, ಅಷ್ಟೇ ಕೆಲಸ. ಒಂದು ಫೋಟೋ, ಒಂದು ಪ್ಯಾರಾ, ಒಂದು ಮ್ಯಾಪ್, ಒಂದು ಗೂಗಲ್ ಫಾರ್ಮ್. ಮದುವೆ ಕಾಗದ ಡಿಸೈನ್ ಮಾಡುವುದಕ್ಕಿಂತ ಸುಲಭ ಎಂದು ನನ್ನ ಅನುಭವ. ಮದುವೆ ಕಾಗದದಲ್ಲಾದರೆ ಹುಡುಗನ ಕಡೆಯವರು ಒಪ್ಪಬೇಕು, ಹುಡುಗಿ ಕಡೆಯವರೂ ಒಪ್ಪಬೇಕು.

ಕೊರತೆಯೂ ಇದೆ. ಅಂದದಲ್ಲಿ ಜಾಸ್ತಿ ಆಟ ನಡೆಯುವುದಿಲ್ಲ. ಹತ್ತು ಸೈಟ್ ನೋಡಿದರೆ ಹತ್ತೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಅಂಗಡಿಯ ಬುಟ್ಟಿ, ಪೇಮೆಂಟ್ ಅದರೊಳಗೇ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತಿದ್ದಲು ಕಂಪ್ಯೂಟರ್ ಬೇಕು. ಫೋನಿನಲ್ಲಿ ನೋಡೋಕೆ ಚೆನ್ನಾಗಿದೆ, ತಿದ್ದೋಕೆ ಅಲ್ಲ.

ಅಂದರೆ ನನ್ನದೇ ಪ್ರಶ್ನೆಯಲ್ಲಿ ಇದು ಫೇಲು, ಅಲ್ವಾ? ಅದಕ್ಕೆ ಒಂದು ಉಪಾಯ ಇದೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಮಾವನ ಸೈಟ್ ಈಗ ನಡೆಯುತ್ತಿರುವುದು ಇದರ ಮೇಲೆಯೇ.

ಗೂಗಲ್ ಡ್ರೈವಿನಲ್ಲಿ ಒಂದು ಖಾಲಿ ಡಾಕ್ಯುಮೆಂಟ್ ಮಾಡಿ. ಹೆಸರು "ಇವತ್ತಿನ ಸುದ್ದಿ". ಅದರಲ್ಲಿ ಒಂದೆರಡು ಸಾಲು ಬರೆಯಿರಿ: ರಸ್ತೆ ತೆರೆದಿದೆ, ಈ ಶನಿವಾರ ಎರಡು ರೂಮು ಖಾಲಿ ಇವೆ. ಸೈಟ್ ತಿದ್ದುವ ಪುಟದಲ್ಲಿ "ಡ್ರೈವ್" ಒತ್ತಿ ಆ ಡಾಕ್ಯುಮೆಂಟನ್ನು ಮೊದಲ ಪುಟದ ಮೇಲ್ಭಾಗದಲ್ಲೇ ಕೂರಿಸಿ. ಮುಂದೆ ಸೈಟನ್ನು ಮುಟ್ಟುವ ಅಗತ್ಯವೇ ಇಲ್ಲ. ಫೋನಿನ ಡಾಕ್ಸ್ ಆ್ಯಪ್‌ನಲ್ಲಿ ಆ ಸಾಲು ಬದಲಾಯಿಸಿದರೆ ಸ್ವಲ್ಪ ಹೊತ್ತಿನಲ್ಲಿ ಸೈಟಿನಲ್ಲೂ ಬದಲಾಗುತ್ತದೆ. ಬರೀ ಅಕ್ಷರ ತಾನೇ, ಸಣ್ಣ ಸಿಗ್ನಲ್ ಇದ್ದರೂ ಹೋಗುತ್ತದೆ.

ಇದರಲ್ಲಿ ನಾನು ಮಾಡಿದ ಒಂದು ಪೆದ್ದುತನ ಹೇಳಿಬಿಡುತ್ತೇನೆ. ಆ ಡಾಕ್ಯುಮೆಂಟಿನ ಶೇರಿಂಗ್‌ನಲ್ಲಿ "ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು" ಎಂದು ಇಡಬೇಕು. ನಾನು ಇಟ್ಟಿರಲಿಲ್ಲ. ನನ್ನ ಕಂಪ್ಯೂಟರಿನಲ್ಲಿ, ನನ್ನದೇ ಲಾಗಿನ್‌ನಲ್ಲಿ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಅತಿಥಿಗಳಿಗೆ ಮಾತ್ರ ಅನುಮತಿ ಕೇಳುವ ಬಿಳಿ ಚೌಕ. ಎರಡು ವಾರ ಯಾರೂ ಹೇಳಲಿಲ್ಲ. ಈಗ ಯಾವ ಸೈಟ್ ಮಾಡಿದರೂ ಕೊನೆಗೆ ಪಕ್ಕದ ಮೆಡಿಕಲ್ ಸ್ಟೋರಿನ ಹುಡುಗನ ಫೋನ್ ಇಸಿದುಕೊಂಡು ತೆರೆದು ನೋಡುತ್ತೇನೆ.

ಇನ್ನೊಂದು ಎಚ್ಚರ. ಮಗನ ಜಿಮೇಲ್‌ನಲ್ಲಿ, ಅಳಿಯನ ಜಿಮೇಲ್‌ನಲ್ಲಿ ಮಾಡಬೇಡಿ. ಹೋಂಸ್ಟೇಗೋ ಸಂಘಕ್ಕೋ ಒಂದು ಬೇರೆ ಜಿಮೇಲ್ ತೆರೆಯಿರಿ, ರಿಕವರಿಗೆ ನಿಮ್ಮ ನಂಬರ್ ಕೊಡಿ. ಎರಡು ವರ್ಷ ಯಾರೂ ಲಾಗಿನ್ ಆಗದ ವೈಯಕ್ತಿಕ ಖಾತೆಗಳನ್ನು ಗೂಗಲ್ ಅಳಿಸಬಹುದು. ಈ ನಿಯಮ 2023ರ ಕೊನೆಯಿಂದ ಜಾರಿಯಲ್ಲಿದೆ. ಸಂಘದ ಹಳೆ ಕಾರ್ಯದರ್ಶಿ ಬದಲಾದಾಗ ಪಾಸ್‌ವರ್ಡೂ ಮಿನಿಟ್ಸ್ ಪುಸ್ತಕದ ಜೊತೆ ಕೈ ಬದಲಾಗಲಿ.

ಬ್ಲಾಗರ್: ಹಳೆಯದು, ಆದರೆ ಗಟ್ಟಿ

1999ರಲ್ಲಿ ಶುರುವಾಗಿ 2003ರಲ್ಲಿ ಗೂಗಲ್ ಪಾಲಾದದ್ದು ಇದು. ಈಗಿನ ಹುಡುಗರಿಗೆ ಇದರ ಹೆಸರು ಕೇಳಿದರೆ ನಗು. ಆದರೆ ಬರೆಯುವವರಿಗೆ ಇವತ್ತಿಗೂ ನಾನು ಇದನ್ನೇ ಹೇಳುತ್ತೇನೆ. ಪುತ್ತರಿ, ಕೈಲ್‌ಪೊಳ್ದ್ ನೆನಪು, ಅಜ್ಜಿಯ ಅಡುಗೆ, ತೋಟದ ದಿನಚರಿ ಬರೆಯುವ ನಿವೃತ್ತ ಮೇಷ್ಟ್ರು ಒಬ್ಬರು ನನ್ನ ಗಿರಾಕಿ. ಅವರಿಗೆ ಬೇಕಾದದ್ದು ತಾರೀಖಿನ ಪ್ರಕಾರ ಬರಹ ಒಂದರ ಮೇಲೊಂದು ಕೂರುವುದು, ಅಷ್ಟೇ. ಫೋನಿನ ಬ್ರೌಸರಿನಲ್ಲೇ ಬರೆದು ಹಾಕಬಹುದು. ದುಡ್ಡಿಲ್ಲ. ಬರೆದದ್ದನ್ನೆಲ್ಲ ಬ್ಯಾಕಪ್ ಇಳಿಸಿಕೊಂಡು ಮುಂದೆ ವರ್ಡ್‌ಪ್ರೆಸ್‌ಗೆ ಸಾಗಿಸಲೂಬಹುದು. ಅಂದ? ಅದನ್ನು ಕೇಳಬೇಡಿ.

ಕ್ಯಾನ್ವಾ ಮತ್ತು ಒಂದೇ ಪುಟದ ಸೈಟುಗಳು

ಕ್ಯಾನ್ವಾದಲ್ಲಿ ಪೋಸ್ಟರ್ ಮಾಡಿ ರೂಢಿ ಇದ್ದರೆ ಅದರಲ್ಲೇ ವೆಬ್‌ಸೈಟೂ ಮಾಡಬಹುದು. ಒಂದು ಉದ್ದ ಪೋಸ್ಟರ್ ಮಾಡಿ "ಪಬ್ಲಿಷ್" ಒತ್ತಿದರೆ ಮುಗಿಯಿತು. ಕ್ಯಾನ್ವಾದ್ದೇ ಹೆಸರು ಇರುವ ವಿಳಾಸ ಪುಕ್ಕಟೆ ಸಿಗುತ್ತದೆ. ಫೋನಿನ ಆ್ಯಪ್‌ನಲ್ಲೇ ತಿದ್ದಬಹುದು ಎನ್ನುವುದು ದೊಡ್ಡ ಲಾಭ. ಹಾಕಿ ಟೂರ್ನಮೆಂಟ್, ಮದುವೆ, ಶಾಲೆಯ ವಾರ್ಷಿಕೋತ್ಸವ ಇಂಥ ನಾಲ್ಕು ದಿನದ ಕೆಲಸಕ್ಕೆ ಇದು ಸರಿಯಾಗಿದೆ. ವರ್ಷಗಟ್ಟಲೆ ಇರಬೇಕಾದ, ಪುಟ ಬೆಳೆಯುತ್ತಾ ಹೋಗುವ ಸೈಟಿಗೆ ನಾನು ಇದನ್ನು ಹೇಳುವುದಿಲ್ಲ.

ಇಂಗ್ಲಿಷಿನಲ್ಲಿ ಎರಡು ಆರ್ ಹಾಕಿ ಬರೆಯುವ ಕಾರ್ಡ್ ಎಂಬುದೂ ಇದೇ ಜಾತಿಯದು, ಒಂದೇ ಪುಟ. ಹೆಸರು, ಫೋಟೋ, ನಾಲ್ಕು ಲಿಂಕ್. ಗೈಡ್ ಕೆಲಸ ಮಾಡುವವರಿಗೆ, ಫೋಟೋಗ್ರಾಫರ್‌ಗಳಿಗೆ ಚೆನ್ನಾಗಿ ಒಪ್ಪುತ್ತದೆ.

ವಿಕ್ಸ್, ಸ್ಕ್ವೇರ್‌ಸ್ಪೇಸ್: ಅಂದ ಇದೆ, ಬಾಗಿಲು ಒಂದೇ ಕಡೆ

ರೂಮಿನ ಫೋಟೋ ದೊಡ್ಡದಾಗಿ ಬರಬೇಕು, ಮಂಜು ಕಾಣಬೇಕು, ರೆಸಾರ್ಟ್ ಥರ ಇರಬೇಕು ಎನ್ನುವವರು ಇಲ್ಲಿಗೆ ಬರುತ್ತಾರೆ. ನಿಜವಾಗಲೂ ಚೆನ್ನಾಗಿರುತ್ತವೆ. ವಿಕ್ಸ್‌ನಲ್ಲಿ ಪುಕ್ಕಟೆ ಪ್ಲಾನ್ ಇದೆ, ಆದರೆ ಪುಟದ ಮೇಲೆ ವಿಕ್ಸ್‌ನ ಜಾಹೀರಾತು ಇರುತ್ತದೆ, ವಿಳಾಸವೂ ಅವರದೇ. ನಿಮ್ಮ ಸ್ವಂತ ಡೊಮೈನ್ ಕಟ್ಟಬೇಕಾದರೆ ತಿಂಗಳಿಗೆ ಕೆಲವು ನೂರು ರೂಪಾಯಿಯ ಪ್ಲಾನ್ ತೆಗೆದುಕೊಳ್ಳಬೇಕು. ಸ್ಕ್ವೇರ್‌ಸ್ಪೇಸ್‌ನಲ್ಲಿ ಪುಕ್ಕಟೆ ಪ್ಲಾನ್ ಇಲ್ಲ. 14 ದಿನ ಸುಮ್ನೆ ನೋಡಬಹುದು, ಆಮೇಲೆ ದುಡ್ಡು.

ಎರಡು ಮಾತು ತಿಳಿದಿರಲಿ. ವಿಕ್ಸ್‌ನ ಮಾಮೂಲಿ ಎಡಿಟರಿನಲ್ಲಿ ಒಂದು ಟೆಂಪ್ಲೇಟ್ (ಸಿದ್ಧ ವಿನ್ಯಾಸ) ಆರಿಸಿ ಸೈಟ್ ಕಟ್ಟಿದ ಮೇಲೆ ಅದೇ ಸೈಟನ್ನು ಇನ್ನೊಂದು ಟೆಂಪ್ಲೇಟಿಗೆ ಬದಲಾಯಿಸಲು ಆಗುವುದಿಲ್ಲ. ಹೊಸದಾಗಿ ಶುರು ಮಾಡಬೇಕು. ಎರಡನೆಯದು, ಕಟ್ಟಿದ ಸೈಟನ್ನು ಗಂಟು ಕಟ್ಟಿಕೊಂಡು ಬೇರೆ ಕಂಪನಿಗೆ ಹೋಗಲು ಆಗುವುದಿಲ್ಲ. ಬಾಡಿಗೆ ಮನೆ ಇದ್ದ ಹಾಗೆ. ಗೋಡೆಗೆ ಎಷ್ಟು ಬಣ್ಣ ಹೊಡೆದರೂ ಬಿಡುವಾಗ ಗೋಡೆ ಅಲ್ಲೇ.

ಹತ್ತಾರು ರೂಮು ಇದ್ದು, ಬುಕಿಂಗ್ ಕ್ಯಾಲೆಂಡರ್ ಬೇಕಿದ್ದು, ತಿಂಗಳ ಬಾಡಿಗೆ ಭಾರ ಅನ್ನಿಸದವರಿಗೆ ಇದು ಸರಿ. ಎರಡು ರೂಮಿನ ಹೋಂಸ್ಟೇಗೆ ನನ್ನ ಪ್ರಕಾರ ಜಾಸ್ತಿಯಾಯಿತು. ಇಂಥ ಬೆಲೆಗಳ ಮೇಲೆ 18% ಜಿಎಸ್‌ಟಿ ಸೇರುವುದನ್ನೂ ಲೆಕ್ಕ ಹಾಕಿಕೊಳ್ಳಿ.

ವರ್ಡ್‌ಪ್ರೆಸ್: ಹೆಸರು ಒಂದು, ಮನೆ ಎರಡು

ಇಲ್ಲಿ ಎಲ್ಲರೂ ಗಲಿಬಿಲಿ ಆಗುತ್ತಾರೆ, ನಾನೂ ಆಗಿದ್ದೆ. ವರ್ಡ್‌ಪ್ರೆಸ್ ಡಾಟ್ ಕಾಮ್ ಬೇರೆ, ವರ್ಡ್‌ಪ್ರೆಸ್ ಡಾಟ್ ಆರ್ಗ್ ಬೇರೆ.

ಡಾಟ್ ಆರ್ಗ್‌ನಲ್ಲಿ ಸಿಗುವುದು ಸಾಫ್ಟ್‌ವೇರ್. 2003ರಿಂದ ಇದೆ, ಪುಕ್ಕಟೆ. ಲೋಕದ ವೆಬ್‌ಸೈಟುಗಳಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಇದರ ಮೇಲೆಯೇ ನಿಂತಿವೆ. ಆದರೆ ಅದನ್ನು ಇಡಲು ಜಾಗ, ಅಂದರೆ ಹೋಸ್ಟಿಂಗ್, ನೀವು ಕೊಳ್ಳಬೇಕು. ಡಾಟ್ ಕಾಮ್ ಒಂದು ಕಂಪನಿಯ ಸೇವೆ. ಜಾಗವೂ ಅವರದು, ನೋಡಿಕೊಳ್ಳುವವರೂ ಅವರೇ. ಪುಕ್ಕಟೆ ಪ್ಲಾನಿನಲ್ಲಿ ಜಾಹೀರಾತು ಬರುತ್ತದೆ, ಸ್ವಂತ ಡೊಮೈನ್ ಕಟ್ಟಲು ದುಡ್ಡಿನ ಪ್ಲಾನ್ ಬೇಕು.

ಕಾಫಿ ತೋಟದ ಲೆಕ್ಕದಲ್ಲಿ ಹೇಳುವುದಾದರೆ, ಡಾಟ್ ಆರ್ಗ್ ಎಂದರೆ ಸ್ವಂತ ತೋಟ. ಏನು ಬೇಕಾದರೂ ನೆಡಿ. ಆದರೆ ಕಸಿ, ಮದ್ದು, ಬೇಲಿ, ಆನೆ ಕಂದಕ ಎಲ್ಲ ನಿಮ್ಮ ತಲೆ ಮೇಲೆ. ಪ್ಲಗಿನ್‌ಗಳನ್ನು, ಅಂದರೆ ಹೊಸ ಸೌಲಭ್ಯಕ್ಕೆ ಸೇರಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರ್‌ಗಳನ್ನು, ಆಗಾಗ ಅಪ್‌ಡೇಟ್ ಮಾಡಬೇಕು. ಮಾಡದೆ ಬಿಟ್ಟರೆ ಯಾರೋ ನುಗ್ಗಿ ನಿಮ್ಮ ಸೈಟಿನಲ್ಲಿ ಜೂಜಿನ ಲಿಂಕ್ ತುಂಬುತ್ತಾರೆ. ಒಂದು ಸಂಘದ ಸೈಟಿಗೆ ಹೀಗೇ ಆಯಿತು. ಎರಡು ಮಳೆಗಾಲ ಯಾರೂ ಒಳಗೆ ಹೋಗಿ ನೋಡಿರಲಿಲ್ಲ. ಅಧ್ಯಕ್ಷರು ನೆಂಟರಿಗೆ ತೋರಿಸಲು ಮದುವೆ ಮನೆಯಲ್ಲಿ ಫೋನ್ ತೆಗೆದರು. ಮುಂದಿನದು ಬೇಡ ಬಿಡಿ.

ಬ್ಯಾಕಪ್ ನೀವೇ ತೆಗೆಯಬೇಕಾ ಅಥವಾ ಹೋಸ್ಟಿಂಗ್ ಕಂಪನಿ ತೆಗೆಯುತ್ತದಾ ಎಂದು ಮೊದಲೇ ಕೇಳಬೇಕು. ಹೋಸ್ಟಿಂಗ್ ಬೆಲೆಯಲ್ಲೂ ಒಂದು ಸೂಕ್ಷ್ಮ ಇದೆ. ದೊಡ್ಡ ಅಕ್ಷರದಲ್ಲಿ ಕಾಣುವುದು ಮೊದಲ ಸಲದ ಬೆಲೆ. ಅದೂ ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ. ಕೆಳಗೆ ಸಣ್ಣ ಅಕ್ಷರದಲ್ಲಿ ರಿನ್ಯೂವಲ್ ಬೆಲೆ ಇರುತ್ತದೆ, ಅದು ಎರಡು ಪಟ್ಟು ಆದರೂ ಆಶ್ಚರ್ಯ ಇಲ್ಲ. ಹೋಲಿಸುವಾಗ ಆ ಸಣ್ಣ ಅಕ್ಷರವನ್ನೇ ಹೋಲಿಸಿ.

ಹಾಗಾದರೆ ಯಾರಿಗೆ? ಐದು ವರ್ಷ ಬೆಳೆಸುವ ಯೋಚನೆ ಇದ್ದು, ತಿಂಗಳಿಗೊಮ್ಮೆ ಅರ್ಧ ಗಂಟೆ ಕೂತು ನೋಡಿಕೊಳ್ಳುವ ಒಬ್ಬ ಮನುಷ್ಯ ಮನೆಯಲ್ಲಿ ಇದ್ದರೆ ಇದನ್ನು ಮೀರಿಸಿದ್ದು ಇಲ್ಲ. ಎಲ್ಲ ನಿಮ್ಮದು, ನಾಳೆ ಹೋಸ್ಟಿಂಗ್ ಬದಲಾಯಿಸಿದರೂ ಸೈಟ್ ಜೊತೆಗೆ ಬರುತ್ತದೆ. ಫೋನಿನಲ್ಲಿ ತಿದ್ದಲು ಆ್ಯಪ್ ಇದೆ. ಆ ಒಬ್ಬ ಮನುಷ್ಯ ಇಲ್ಲದಿದ್ದರೆ ಕೈ ಹಾಕಬೇಡಿ.

ಮಾರಾಟ ಮಾಡುವವರಿಗೆ

ವಾಟ್ಸ್ಆ್ಯಪ್ ಕ್ಯಾಟಲಾಗ್ ಸಾಕಾಗುತ್ತಿಲ್ಲ, ದಿನಕ್ಕೆ ಹತ್ತು ಇಪ್ಪತ್ತು ಆರ್ಡರ್ ಬರುತ್ತಿದೆ ಎಂದರೆ ಮಾತ್ರ ಇದನ್ನು ಓದಿ.

ಶಾಪಿಫೈ ಅಂಗಡಿಗೆಂದೇ ಹುಟ್ಟಿದ್ದು. ಸ್ಟಾಕ್, ರಿಯಾಯಿತಿ, ಕೊರಿಯರ್ ಲೆಕ್ಕ ಎಲ್ಲ ಅಚ್ಚುಕಟ್ಟು. ಬೇಸಿಕ್ ಪ್ಲಾನೇ ತಿಂಗಳಿಗೆ ಒಂದೂವರೆ ಎರಡು ಸಾವಿರದ ಆಸುಪಾಸು. ಅವರದೇ ಪೇಮೆಂಟ್ ವ್ಯವಸ್ಥೆ ಭಾರತದಲ್ಲಿ ಇಲ್ಲದ ಕಾರಣ ರೇಜರ್‌ಪೇ ಥರದ ಹೊರಗಿನ ಗೇಟ್‌ವೇ (ಗಿರಾಕಿಯಿಂದ ಹಣ ಪಡೆದು ನಿಮಗೆ ತಲುಪಿಸುವ ಸೇವೆ) ಹಾಕಿಕೊಳ್ಳಬೇಕು. ಆಗ ಗೇಟ್‌ವೇ ಕಡಿತ ಬೇರೆ, ಶಾಪಿಫೈ ಹಿಡಿಯುವ ಶುಲ್ಕ ಬೇರೆ. ಇನ್‌ಸ್ಟಾಮೋಜೋ ಬೆಂಗಳೂರಿನದು. ಸಣ್ಣ ಅಂಗಡಿಯವರಿಗೆ ಅದು ಇನ್ನೂ ಹಗುರ. ವರ್ಡ್‌ಪ್ರೆಸ್ ಇದ್ದವರು ವೂಕಾಮರ್ಸ್ ಪ್ಲಗಿನ್ ಸೇರಿಸಿದರೆ ಅಂಗಡಿ ಅಲ್ಲೇ ತೆರೆಯುತ್ತದೆ.

ನಮ್ಮ ಪಕ್ಕದ ಊರಿನ ಅಕ್ಕ ಒಬ್ಬರು ಹುರಿದ ಕಾಫಿ ಪುಡಿ ಮಾರುತ್ತಾರೆ. ದೊಡ್ಡ ಅಂಗಡಿ ಸೈಟ್ ಬೇಕು ಎಂದು ಬಂದರು. ನಾನು ಲೆಕ್ಕ ಬರೆದು ತೋರಿಸಿದೆ. ತಿಂಗಳಿಗೆ ಮೂವತ್ತು ಪ್ಯಾಕೆಟ್. ಸೈಟಿನ ಖರ್ಚು ಪ್ರತಿ ಪ್ಯಾಕೆಟ್ ಮೇಲೆ ಅರುವತ್ತು ರೂಪಾಯಿ ಕೂರುತ್ತದೆ. "ಅಯ್ಯೋ, ಅಷ್ಟು ನನಗೇ ಉಳಿಯಲ್ವಲ್ಲ!" ಎಂದರು. ಈಗ ಅವರದು ಗೂಗಲ್ ಸೈಟ್ಸ್‌ನಲ್ಲಿ ಎರಡು ಪುಟ. ಒಂದರಲ್ಲಿ ಪುಡಿಯ ವಿವರ: ಅರೇಬಿಕಾ ಎಷ್ಟು, ರೊಬಸ್ಟಾ ಎಷ್ಟು, ಚಿಕೋರಿ ಇದೆಯಾ ಇಲ್ಲವಾ. ಇನ್ನೊಂದರಲ್ಲಿ ಬೆಲೆ. ಕೆಳಗೆ ಒಂದು ಹಸಿರು ಬಟನ್, ಒತ್ತಿದರೆ ಅವರ ವಾಟ್ಸ್ಆ್ಯಪ್ ತೆರೆಯುತ್ತದೆ. ಹಣ ಯುಪಿಐ, ಪಾರ್ಸೆಲ್ ಸ್ಪೀಡ್ ಪೋಸ್ಟ್.

ತಿನ್ನುವ ಕುಡಿಯುವ ಪದಾರ್ಥ ಮಾರುವವರು 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ ಪರವಾನಗಿ) ಸಂಖ್ಯೆಯನ್ನು ಪುಟದಲ್ಲಿ ಹಾಕಿ. "ಕೂರ್ಗ್ ಅರೇಬಿಕಾ ಕಾಫಿ"ಗೆ 2019ರಿಂದ ಜಿಐ ಟ್ಯಾಗ್ (ಆ ಊರಿನದ್ದೇ ಎಂಬ ಗುರುತು) ಇದೆ, ಕೊಡಗಿನ ಕಿತ್ತಳೆಗೆ ಅದಕ್ಕೂ ಮುಂಚೆಯೇ ಬಂದಿದೆ. ಹೊರಗಿನ ಬೀಜ ತಂದು ಆ ಹೆಸರು ಹಾಕುವ ಕೆಲಸ ಮಾಡಬೇಡಿ.

ಎಐ ಮಾಡಿಕೊಡುವ ಸೈಟ್

ಈಗ ಎಲ್ಲ ಕಡೆ ಇದೇ. ಎರಡು ಸಾಲು ಹೇಳಿದರೆ ಇಡೀ ಸೈಟ್ ಬರುತ್ತದೆ. ಮಾವನ ಹೋಂಸ್ಟೇಗೆ ಒಂದರಲ್ಲಿ ಮಾಡಿ ನೋಡಿದೆವು. ಅರ್ಧ ನಿಮಿಷದಲ್ಲಿ ಐದು ಪುಟ ತಯಾರು. ಒಂದರಲ್ಲಿ ಈಜುಕೊಳ, ಇನ್ನೊಂದರಲ್ಲಿ ಸ್ಪಾ. ಮಾವನ ಮನೆಯಲ್ಲಿ ಇರುವುದು ಒಂದು ಕೆರೆ, ಅದರಲ್ಲಿ ಎರಡು ಬಾತುಕೋಳಿ.

ಚೌಕಟ್ಟು ಹಾಕಿಸಿಕೊಳ್ಳೋಕೆ ಎಐ ಒಳ್ಳೆಯದು. ಮಾತು ನಿಮ್ಮದೇ ಇರಲಿ. "ಪ್ರಕೃತಿಯ ಮಡಿಲಲ್ಲಿ" ಎಂದು ಕೊಡಗಿನ ಎಲ್ಲ ಹೋಂಸ್ಟೇಯವರೂ ಬರೆದುಕೊಂಡಿದ್ದಾರೆ. ಬರುವವರಿಗೆ ಬೇಕಾದದ್ದು ಬಿಸಿನೀರು ಎಷ್ಟು ಗಂಟೆ ತನಕ ಬರುತ್ತೆ, ಸಣ್ಣ ಕಾರು ಕೊನೆಯ ಏರು ಹತ್ತುತ್ತಾ, ಯಾವ ಸಿಮ್ ಸಿಗುತ್ತೆ, ಊಟಕ್ಕೆ ಪಂದಿ ಕರಿ ಕಡಂಬಿಟ್ಟು ಇದೆಯಾ, ಸಸ್ಯಾಹಾರ ಸಿಗುತ್ತಾ. ಇದನ್ನು ಕಂಪ್ಯೂಟರ್ ಮುಟ್ಟುವ ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಂಡು ಬಂದವರ ಸೈಟ್ ಒಂದೇ ಮಧ್ಯಾಹ್ನದಲ್ಲಿ ಮುಗಿದಿದೆ. ಬರೆಯದೆ ಬಂದವರ ಸೈಟ್ ಮೂರು ತಿಂಗಳಿಂದ ನನ್ನ ಡ್ರೈವಿನಲ್ಲಿ ಅರ್ಧ ಕೂತಿದೆ.

ಹೆಸರು ಮಾತ್ರ ಸ್ವಂತದ್ದಿರಲಿ

ಮೇಲಿನ ಯಾವುದನ್ನೇ ಆರಿಸಿ, ನಾಳೆ ಬದಲಾಯಿಸಬಹುದು. ಬದಲಾಯಿಸಲು ಕಷ್ಟವಾಗುವುದು ಹೆಸರು. ಬಿಸಿನೆಸ್ ಪ್ರೊಫೈಲ್ ಜೊತೆ ಗೂಗಲ್ ಮೊದಲು ಒಂದು ಪುಟಾಣಿ ಸೈಟನ್ನೂ ಪುಕ್ಕಟೆ ಕೊಡುತ್ತಿತ್ತು. 2024ರ ಮಾರ್ಚ್‌ನಲ್ಲಿ ಅವನ್ನೆಲ್ಲ ನಿಲ್ಲಿಸಿತು. ಆ ವಿಳಾಸವನ್ನು ಕಾರ್ಡಿನಲ್ಲಿ, ಬೋರ್ಡಿನಲ್ಲಿ ಅಚ್ಚು ಹಾಕಿಸಿದವರಿಗೆ ವಿಳಾಸವೇ ಹೋಯಿತು. ಅದಕ್ಕೂ ಮುಂಚೆ, 2023ರಲ್ಲಿ, ಗೂಗಲ್ ತನ್ನ ಡೊಮೈನ್ ಮಾರುವ ವ್ಯಾಪಾರವನ್ನೇ ಸ್ಕ್ವೇರ್‌ಸ್ಪೇಸ್‌ಗೆ ಮಾರಿತು. ಆದರೆ ಅಲ್ಲಿ ಸ್ವಂತ ಹೆಸರು ಕೊಂಡವರ ಹೆಸರು ಅವರದೇ ಆಗಿ ಉಳಿಯಿತು. ಅಂಗಡಿ ಮಾತ್ರ ಬದಲಾಯಿತು.

ಡಾಟ್ ಇನ್ ಹೆಸರು ವರ್ಷಕ್ಕೆ ಸುಮಾರು 600ರಿಂದ 1,000 ರೂಪಾಯಿಗೆ ಸಿಗುತ್ತದೆ, ಡಾಟ್ ಕಾಮ್ ಸ್ವಲ್ಪ ಹೆಚ್ಚು. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಕೂಡ ಇದೆ. ಹೆಮ್ಮೆಗೆ ಚೆನ್ನಾಗಿದೆ, ಆದರೆ ಕನ್ನಡ ಕೀಬೋರ್ಡ್ ಇಲ್ಲದ ಅತಿಥಿ ಅದನ್ನು ಟೈಪ್ ಮಾಡಲಾರ. ಎರಡನೆಯ ಹೆಸರಾಗಿ ಇಟ್ಟುಕೊಳ್ಳಬಹುದು.

ಕೊಳ್ಳುವಾಗ ನಿಮ್ಮ ಇಮೇಲ್, ನಿಮ್ಮ ಫೋನ್ ಕೊಡಿ. ಮಾಡಿಕೊಡುವವರು ಎಷ್ಟೇ ಬೇಕಾದವರಿರಲಿ, ಪಕ್ಕದಲ್ಲಿ ಕೂರಿಸಿಕೊಂಡು ನಿಮ್ಮ ಖಾತೆಯಲ್ಲೇ ಮಾಡಿಸಿ. ಆಟೋ ರಿನ್ಯೂವಲ್ ಹಾಕಿದರೂ ಕಾರ್ಡಿನ ಅವಧಿ ಮುಗಿದಿದ್ದರೆ ಹಣ ಹೋಗುವುದಿಲ್ಲ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಗಡುವು ದಾಟಿ ಹೆಚ್ಚು ದಿನ ಆದರೆ ಬಿಡಿಸಿಕೊಳ್ಳಲು ಹಲವು ಪಟ್ಟು ಕಟ್ಟಬೇಕಾಗುತ್ತದೆ.

ಆ ಹೆಸರನ್ನು ಸೈಟಿಗೆ ಕಟ್ಟುವ ಕೆಲಸ ಕೇಳಲು ಭಯ, ಮಾಡಲು ಹತ್ತು ನಿಮಿಷ. ಗೂಗಲ್ ಸೈಟ್ಸ್ ಆದರೆ ಅದು ಒಂದೆರಡು ಸಾಲು ಕೊಡುತ್ತದೆ. ಡೊಮೈನ್ ಕೊಂಡ ಕಡೆ ಡಿಎನ್‌ಎಸ್ ಎಂಬ ಪುಟದಲ್ಲಿ ಅವನ್ನು ಅಂಟಿಸಿ ಕಾಯಬೇಕು. ಕೆಲವು ಸಲ ತಕ್ಷಣ ಆಗುತ್ತದೆ, ಕೆಲವು ಸಲ ಮರುದಿನ. ಅಷ್ಟರಲ್ಲಿ ಗಾಬರಿಯಾಗಿ ಮತ್ತೆ ಮತ್ತೆ ತಿದ್ದಬೇಡಿ.

ಹೆಸರು ಇಡುವಾಗ ಒಂದು ಮಾತು. ನಮಗೆ ಕೊಡಗು, ಆದರೆ ಹೊರಗಿನವರು ಹುಡುಕುವುದು ಕೂರ್ಗ್ ಎಂದು. ನಿಮಗೆ ಇಷ್ಟವಿಲ್ಲದಿದ್ದರೂ ಪುಟದಲ್ಲಿ ಎರಡೂ ಇರಲಿ. ಜೊತೆಗೆ ಹತ್ತಿರದ ಊರಿನ ಹೆಸರೂ ಇರಲಿ. "ಮಡಿಕೇರಿ" ಎಂದಷ್ಟೇ ಹಾಕಿದರೆ ಮಲ್ಲಳ್ಳಿ ಫಾಲ್ಸ್‌ಗೆ ಬಂದವರಿಗೆ ನೀವು ಸಿಗುವುದಿಲ್ಲ.

ಕನ್ನಡ ಅಕ್ಷರ, ಭಾರದ ಫೋಟೋ

ಇದು ನನ್ನ ಕಸುಬಿನ ಮಾತು, ಸ್ವಲ್ಪ ಉದ್ದ ಆದರೂ ಸಹಿಸಿಕೊಳ್ಳಿ. ಒಂದು ಶಾಲೆಯವರು ಶಾಲೆಯ ಇತಿಹಾಸವನ್ನು ಹಳೆಯ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿ ಪೆನ್‌ಡ್ರೈವ್‌ನಲ್ಲಿ ತಂದರು. ಸೈಟಿಗೆ ಅಂಟಿಸಿದೆ. ಎಂಟು ಪುಟ ಕನ್ನಡ ಹೋಗಿ, ತಲೆ ಮೇಲೆ ಕೊಂಬು ಚುಕ್ಕಿ ಇರುವ ವಿಚಿತ್ರ ಇಂಗ್ಲಿಷ್ ಅಕ್ಷರಗಳು ಬಂದು ಕೂತವು. ಹೆಡ್‌ಮೇಷ್ಟ್ರು ವೈರಸ್ ಅಂದುಕೊಂಡರು. ವೈರಸ್ ಅಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕಂಪ್ಯೂಟರಿನ ಒಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ, ಮೇಲೆ ಕನ್ನಡದ ಮುಖವಾಡ. ಆ ಫಾಂಟ್ ಇಲ್ಲದ ಕಡೆ ಮುಖವಾಡ ಕಳಚುತ್ತದೆ. ವೆಬ್‌ಗೆ ಯೂನಿಕೋಡ್ ಬೇಕು, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಎಲ್ಲ ಕಡೆ ಒಂದೇ ಸಂಕೇತ ಇರುವ ಪದ್ಧತಿ. ಹಳೆಯದನ್ನು ಬದಲಾಯಿಸುವ ಕನ್ವರ್ಟರ್‌ಗಳು ಪುಕ್ಕಟೆ ಸಿಗುತ್ತವೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ. ಫೋನಿನ ಕನ್ನಡ ಕೀಬೋರ್ಡ್ ಬರೆಯುವುದು ಯೂನಿಕೋಡೇ, ಅಲ್ಲಿ ಈ ತಲೆನೋವಿಲ್ಲ.

ಟೆಂಪ್ಲೇಟುಗಳೆಲ್ಲ ಇಂಗ್ಲಿಷಿನ ಅಳತೆಗೆ ಹೊಲಿದ ಅಂಗಿಗಳು. ಸಾಲುಗಳ ನಡುವೆ ಜಾಗ ಕಡಿಮೆ. ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. "ಲೈನ್ ಸ್ಪೇಸಿಂಗ್" ಎಲ್ಲಿದೆ ನೋಡಿ ಒಂದೂವರೆ ಮಾಡಿ. ಫಾಂಟ್ ಆರಿಸಲು ಬಿಟ್ಟರೆ ನೋಟೋ ಸ್ಯಾನ್ಸ್ ಕನ್ನಡ ಕಣ್ಣಿಗೆ ಹಿತ. ತಲೆಬರಹಕ್ಕೆ ಬಾಲೂ ತಮ್ಮ ಚೆನ್ನಾಗಿ ಕಾಣುತ್ತದೆ. ಎರಡೂ ಪುಕ್ಕಟೆ. ಬರಹವನ್ನೆಲ್ಲ ಜೆಪಿಜಿ ಚಿತ್ರ ಮಾಡಿ ಅಂಟಿಸುವ ಅಭ್ಯಾಸ ಬಿಡಿ, ಹುಡುಕಿದರೆ ಸಿಗುವುದಿಲ್ಲ.

ಫೋಟೋ ವಿಷಯ ಸಣ್ಣದು, ಆದರೆ ಸೈಟ್ ಕೊಲ್ಲುವುದು ಇದೇ. ಫೋನಿನ ಒಂದು ಫೋಟೋ ನಾಲ್ಕೈದು ಎಂಬಿ ಇರುತ್ತದೆ. ಹತ್ತು ಹಾಕಿದರೆ ಘಾಟಿಯ ತಿರುವಿನಲ್ಲಿ ನಿಂತು ನಿಮ್ಮ ದಾರಿ ಹುಡುಕುವವನಿಗೆ ಪುಟ ತೆರೆಯುವುದೇ ಇಲ್ಲ. ನನ್ನ ಸುಲಭ ದಾರಿ: ಫೋಟೋವನ್ನು ವಾಟ್ಸ್ಆ್ಯಪ್‌ನಲ್ಲಿ ನನಗೇ ಕಳಿಸಿಕೊಂಡು ವಾಪಸ್ ಇಳಿಸಿಕೊಳ್ಳುತ್ತೇನೆ. ಅದು ತಾನೇ ಹಿಂಡಿ ಕೆಲವು ನೂರು ಕೆಬಿಗೆ ಇಳಿಸಿರುತ್ತದೆ. ಎಚ್‌ಡಿ ಬಟನ್ ಒತ್ತಬಾರದು ಅಷ್ಟೇ.

ಮಾವನ ಹಳೆಯ ಡೊಮೈನ್ ಕೊನೆಗೂ ಕೈಗೆ ಬಂತು. ಮಾಡಿಕೊಟ್ಟವನಿಂದ ವರ್ಗಾವಣೆಯ ಕೋಡ್ ಪಡೆಯಲು ಎರಡು ತಿಂಗಳು, ಮೂರು ಸಲ ಬೆಂಗಳೂರಿಗೆ ಫೋನು, ಒಂದು ಬಾಟಲಿ ಜೇನು ಹಿಡಿಯಿತು. ಈಗ ಸೈಟ್ ಗೂಗಲ್ ಸೈಟ್ಸ್‌ನಲ್ಲಿದೆ. ಖರ್ಚು ವರ್ಷಕ್ಕೆ ಡೊಮೈನಿನದು ಮಾತ್ರ. "ಇವತ್ತಿನ ಸುದ್ದಿ"ಯನ್ನು ಮಾವ ಕಣದ ಹತ್ತಿರ, ಟವರ್ ಸಿಗುವ ಹಲಸಿನ ಮರದ ಕೆಳಗೆ ನಿಂತು ತಾವೇ ಬರೆಯುತ್ತಾರೆ. ನಿನ್ನೆ ನೋಡಿದಾಗ ಹೀಗಿತ್ತು: "ರಸ್ತೆ ಸರಿ ಇದೆ. ಕರೆಂಟು ನಿನ್ನೆಯಿಂದ ಇಲ್ಲ, ಜನರೇಟರ್ ಇದೆ. ಜಿಗಣೆ ಜಾಸ್ತಿ, ಉಪ್ಪು ನಾವು ಕೊಡುತ್ತೇವೆ."